ಇಂಡಿ ರೋಡ, ಬಾಗೇವಾಡಿ ರೋಡ: ಹಳಿ ಕಾಯ್ದವರ ಚರಿತ್ರೆ

ಸೊಲ್ಲಾಪುರದ ಮಗ್ಗುಲಿನ ಹೋಟಗಿಯಿಂದ ಗದಗಿಗೆ ಹೋಗುವ ರೈಲಿನಲ್ಲಿ ಕೂತವರು ಎರಡು ಸ್ಟೇಷನ್ನುಗಳ ಹೆಸರು ಓದಿರುತ್ತಾರೆ. ಒಂದು ಇಂಡಿ ರೋಡ, ಇನ್ನೊಂದು ಬಸವನ ಬಾಗೇವಾಡಿ ರೋಡ. ರೈಲ್ವೆಯವರ ಭಾಷೆಯೊಳಗ 'ರೋಡ' ಅಂದರೆ ಊರು ಇಲ್ಲಿಲ್ಲ, ಊರಿಗೆ ಹೋಗುವ ಹಾದಿ ಇಲ್ಲಿಂದ ಅಂತ ಅರ್ಥ. ಇಂಡಿ ಪೇಟೆ ತನ್ನ ಸ್ಟೇಷನ್ನಿನಿಂದ ಹರದಾರಿಗಟ್ಟಲೆ ದೂರ. ಬಾಗೇವಾಡಿಯ ಹೆಸರಿನ ಸ್ಟೇಷನ್ ಇರುವುದು ತೆಲಗಿಯೊಳಗ. ಸಿಂದಗಿ ಮತ್ತು ಮುದ್ದೇಬಿಹಾಳ ಪೇಟೆಗಳಿಗೆ ಈ 'ರೋಡ' ಅನ್ನುವ ಭಾಗ್ಯವೂ ಸಿಗಲಿಲ್ಲ. ಆಲಮಟ್ಟಿಯಿಂದ ಯಾದಗಿರಿಗೆ ಹಳಿ ಹಾಕಿರಿ ಅಂತ ಮುದ್ದೇಬಿಹಾಳದ ಕಡೆಯ ಮಂದಿ ದಶಕಗಳಿಂದ ಅರ್ಜಿ ಬರೆಯುತ್ತಲೇ ಇದ್ದಾರೆ.

ಇಂಥ ರೋಡ ಸ್ಟೇಷನ್ನುಗಳ ಸುತ್ತ ಒಂದು ಸಣ್ಣ ಊರು ಹುಟ್ಟುತ್ತದೆ. ನಾಲ್ಕು ಚಹಾದಂಗಡಿ, ಒಂದು ಮಾಲಿನ ಗೋದಾಮು, ಸ್ಟೇಷನ್ ಮಾಸ್ತರರ ಮನೆ, ಹಳಿಯ ಆಚೆ ಗ್ಯಾಂಗಿನವರ ಸಾಲು ಮನೆಗಳು. ಗಾಡಿ ನಿಲ್ಲುವಷ್ಟು ಕಾಲ ಈ ಊರು ಬದುಕುತ್ತದೆ, ಗಾಡಿ ನಿಲ್ಲದ ದಿನ ಬಡವಾಗುತ್ತದೆ. ಕೋಟೆ ಗೋಳಗುಮ್ಮಟಗಳ ಚರಿತ್ರೆ ಬರೆದವರು ಇದರ ಚರಿತ್ರೆ ಬರೆಯಲಿಲ್ಲ. ಬರೆದರೂ ಒಂದೇ ಸಾಲು: ಬ್ರಿಟಿಷರು ರೈಲು ತಂದರು, ನಾಡು ಮುಂದುವರಿಯಿತು, ಒಂದೇ ಡಬ್ಬಿಯಲ್ಲಿ ಎಲ್ಲರೂ ಕೂತು ಜಾತಿ ಸಡಿಲಾಯಿತು. ಶಾಲೆಯೊಳಗ ನಾವೂ ಇದನ್ನೇ ಬಾಯಿಪಾಠ ಮಾಡಿದೆವು. ಈ ಸಾಲು ಎಷ್ಟು ನಿಜ, ಎಷ್ಟು ಸುಳ್ಳು ಅನ್ನುವುದನ್ನು ನಮ್ಮ ಜಿಲ್ಲೆಯ ಹಳಿಯ ಮೇಲೆ ನಡೆದೇ ನೋಡಬೇಕು.

ಈ ಹಳಿ ಹುಟ್ಟಿದ್ದು ಬರದ ಹೊಟ್ಟೆಯಿಂದ.

1876ರಿಂದ 1878ರವರೆಗೆ ಬಿದ್ದ ಬರವನ್ನು ಕನ್ನಡ ನಾಡಿನ ಹಿರಿಯರು ಧಾತು–ಈಶ್ವರ ಸಂವತ್ಸರಗಳ ಬರ ಅಂತ ನೆನೆದರು. ಆಗ ನಮ್ಮದು ಮುಂಬಯಿ ಇಲಾಖೆಗೆ ಸೇರಿದ ಕಲಾದಗಿ ಜಿಲ್ಲೆ. 1872ರ ಜನಗಣತಿಯಲ್ಲಿ ಸುಮಾರು 8 ಲಕ್ಷ ಇದ್ದ ಮಂದಿ, 1881ರ ಗಣತಿಗೆ 6 ಲಕ್ಷದ ಆಸುಪಾಸಿಗೆ ಇಳಿದರು. ಐದರಲ್ಲಿ ಒಂದು ಪಾಲಿಗೂ ಹೆಚ್ಚು ಜನ ಇಲ್ಲವಾದರು. ಕೆಲವರು ಸತ್ತರು, ಕೆಲವರು ಊರು ಬಿಟ್ಟು ಹೋದವರು ತಿರುಗಿ ಬರಲಿಲ್ಲ. ಡೋಣಿ ಬೆಳೆದರೆ ಓಣಿಗೆಲ್ಲ ಜೋಳ ಅನ್ನುತ್ತಿದ್ದ ಸೀಮೆ ಇದು. ಆದರೆ ಬೆಳೆದ ಜೋಳ ಎಲ್ಲ ಓಣಿಗೂ ಬರುತ್ತಿರಲಿಲ್ಲ. ಹಗೇವಿನಲ್ಲಿ ಜೋಳ ತುಂಬಿಟ್ಟವನು ಬರ ಕಳೆದ. ಹಗೇವಿನೊಳಗ ಇಳಿದು ಜೋಳ ತುಂಬಿ, ಮ್ಯಾಲೆ ಹತ್ತಿ, ಮುಚ್ಚಿ ಕೊಟ್ಟವನು ಬರಕ್ಕೆ ಬಲಿಯಾದ. ಬರ ಅನ್ನುವುದು ಮಳೆ ಮಾಡಿದ ಪಾಪ ಅಂತ ಹೇಳಿದರೆ ಅರ್ಧ ಮಾತ್ರ ಹೇಳಿದಂತೆ. ಉಳಿದ ಅರ್ಧ ಹಗೇವಿನ ಬಾಯಿಯ ಹತ್ತಿರ ಇದೆ.

ಸರ್ಕಾರ ಬರಗಾಲದ ಕಾಮಗಾರಿ ತೆಗೆಯಿತು. ಕಲ್ಲು ಒಡೆಯುವುದು, ಮಣ್ಣು ಹೊರುವುದು. ಕೂಲಿ ಎಷ್ಟಿರಬೇಕು ಅನ್ನುವ ಲೆಕ್ಕ ಹಾಕಲು ರಿಚರ್ಡ್ ಟೆಂಪಲ್ ಎಂಬ ದೊಡ್ಡ ಅಧಿಕಾರಿ ಬಂದ. 1877ರ ಆರಂಭದಲ್ಲಿ ಆತ ನಿಗದಿ ಮಾಡಿದ್ದು ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಒಂದಿಷ್ಟು ಬಿಡಿಕಾಸು. ಒಂದು ಪೌಂಡು ಅಂದರೆ ಅರ್ಧ ಕಿಲೋಕ್ಕೂ ಕಡಿಮೆ. ದಿನವಿಡೀ ಕಲ್ಲು ಒಡೆಯುವ ಮೈಗೆ ಇದು ಸಾಕು ಅಂತ ಆತ ಬರೆದ. ಮುಂಬಯಿ ಇಲಾಖೆಯಲ್ಲಿ ಸಾವಿರಾರು ಕೂಲಿಕಾರರು ಈ ಕೂಲಿಯನ್ನು ಒಪ್ಪದೆ ಕಾಮಗಾರಿ ಬಿಟ್ಟು ನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಸರ್ಕಾರಕ್ಕೆ ಬರೆಯಿತು. ಬರೆದ ಸಭೆಯ ಹೆಸರು ಪುಸ್ತಕಗಳಲ್ಲಿ ಉಳಿಯಿತು. ಹಸಿದ ಹೊಟ್ಟೆಯಲ್ಲಿ ಬುಟ್ಟಿ ಕೆಳಗಿಟ್ಟು ನಡೆದವರ ಹೆಸರು ಎಲ್ಲಿಯೂ ಇಲ್ಲ. ಹಸಿದವರು ಹೂಡಿದ ಆ ಮುಷ್ಕರವನ್ನು ನಾವು ನಮ್ಮ ಹೋರಾಟಗಳ ಪಟ್ಟಿಯಲ್ಲಿ ಮೊದಲಿಗೆ ಇಡಬೇಕು.

ಬರ ಮುಗಿದ ಮೇಲೆ ತನಿಖೆ ನಡೆಯಿತು. 1880ರ ಕ್ಷಾಮ ಆಯೋಗ ಬರಕ್ಕೆ ಮದ್ದು ಅಂತ ರೈಲನ್ನು ಸೂಚಿಸಿತು. ತುರ್ತಾಗಿ 5,000 ಮೈಲು ಹಳಿ ಹಾಕಬೇಕು, ಆಗ ಧಾನ್ಯ ಇದ್ದ ಕಡೆಯಿಂದ ಇಲ್ಲದ ಕಡೆ ಹರಿಯುತ್ತದೆ ಅಂದಿತು. 1882ರಲ್ಲಿ ಲಂಡನ್ನಿನಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹಾಕಿದ ಬಂಡವಾಳಕ್ಕೆ ಇಷ್ಟು ಬಡ್ಡಿ ಖಾತರಿ ಅಂತ ಸರ್ಕಾರ ಬರೆದು ಕೊಟ್ಟಿತು. ಆ ಬಡ್ಡಿಯ ಹೊರೆ ಬಿದ್ದದ್ದು ಈ ನಾಡಿನ ಬೊಕ್ಕಸದ ಮೇಲೆ, ಅಂದರೆ ರೈತನ ಕಂದಾಯದ ಮೇಲೆ. ಬಂಡವಾಳ ಹೂಡಿದವನಿಗೆ ಬಡ್ಡಿಯ ಖಾತರಿ ಇತ್ತು, ಬುಟ್ಟಿ ಹೊತ್ತವನಿಗೆ ರೊಟ್ಟಿಯ ಖಾತರಿ ಇರಲಿಲ್ಲ. ಎರಡೇ ವರ್ಷದಲ್ಲಿ, 1884ಕ್ಕೆ, ಹೋಟಗಿಯಿಂದ ಗದಗಿಗೆ ಮೀಟರ್ ಗೇಜ್ ಹಳಿ ಓಡಿತು. ಉತ್ತರದಲ್ಲಿ ಭೀಮಾ ದಾಟಿ, ಲಚ್ಯಾಣ, ಇಂಡಿ ರೋಡ, ನಿಂಬಾಳ, ಮಿಂಚನಾಳ ಹಿಡಿದು ವಿಜಾಪುರ. ಅಲ್ಲಿಂದ ಮುಳವಾಡ, ತೆಲಗಿಯ ಮೇಲೆ ಆಲಮಟ್ಟಿ. ಅಲ್ಲಿ ಕೃಷ್ಣೆಯನ್ನು ದಾಟಿ ಬಾಗಲಕೋಟೆ, ಬಾದಾಮಿ.

ಹಳಿ ಬಂದ ಕೂಡಲೇ ಊರುಗಳ ಹಣೆಬರಹ ಬದಲಾಯಿತು. 1885ರಲ್ಲಿ ಜಿಲ್ಲೆಯ ಕಚೇರಿಗಳು ಕಲಾದಗಿಯಿಂದ ವಿಜಾಪುರಕ್ಕೆ ಬಂದವು. ಹಳಿಯಿಂದ ದೂರ ಉಳಿದ ಕಲಾದಗಿ ಸಣ್ಣ ಊರಾಯಿತು. ಹಳಿಯ ಮಗ್ಗುಲಲ್ಲಿ ಹತ್ತಿ ಮತ್ತು ಕಾಳಿನ ವ್ಯಾಪಾರಿಗಳು ಬಂದು ಕೂತರು.

ಬದುಕು ಕಳಕೊಂಡವರ ಕಡೆಗೂ ನೋಡೋಣ. ರೈಲಿಗೆ ಮುಂಚೆ ಈ ಸೀಮೆಯ ಸರಕು ನಡೆಯುತ್ತಿದ್ದದ್ದು ಲಂಬಾಣಿಗಳ ಎತ್ತಿನ ಬೆನ್ನ ಮೇಲೆ. ಕರಾವಳಿಯ ಉಪ್ಪು ಮೇಲೆ ಬರುತ್ತಿತ್ತು, ಇಲ್ಲಿಯ ಕಾಳು ಕೆಳಗೆ ಹೋಗುತ್ತಿತ್ತು. ರಸ್ತೆಯ ಬಂಡಿಗಳು ಈ ಕಸುಬನ್ನು ಅರ್ಧ ಕೊಂದವು, ರೈಲು ಪೂರ್ತಿ ಕೊಂದಿತು. ತಾಂಡಾಗಳು ನಿಂತಲ್ಲೇ ನಿಂತವು. ಊರಾಡಿ ಬದುಕುತ್ತಿದ್ದ ಎಷ್ಟೋ ಸಮುದಾಯಗಳಿಗೆ ಸರ್ಕಾರ ಕೊಟ್ಟ ಪರಿಹಾರ ಅಂದರೆ 'ಅಪರಾಧಿ ಬುಡಕಟ್ಟು' ಅನ್ನುವ ಹಣೆಪಟ್ಟಿ. 1871ರ ಆ ಕಾಯಿದೆ ಮುಂದೆ ಮುಂಬಯಿ ಇಲಾಖೆಗೂ ಬಂತು. ವಿಜಾಪುರ, ಗದಗ, ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ ಇಂಥವರನ್ನು ಇಡುವ ಸೆಟ್ಲಮೆಂಟುಗಳಾದವು. ಊರ ಹೆಸರು ಗಮನಿಸಿರಿ, ಎಲ್ಲವೂ ಹಳಿಯ ಮೇಲಿನ ಊರು. ಸೊಲ್ಲಾಪುರದ ಗಿರಣಿಗಳಿಗೆ ಅಗ್ಗದ ಕೈಗಳು ಸಿಕ್ಕಿದ್ದು ಹೀಗೆ. ಹಣೆಪಟ್ಟಿ ತೆಗೆಯಲು ಸ್ವಾತಂತ್ರ್ಯ ಬರಬೇಕಾಯಿತು. 1952ರಲ್ಲಿ ಇಡೀ ದೇಶದಲ್ಲಿ ಆ ಕಾಯಿದೆ ಹೋಯಿತು. ಊರವರ ನಾಲಿಗೆಯ ಮೇಲಿನ ಹಣೆಪಟ್ಟಿ ಹೋಗಲು ಇನ್ನೂ ಎಷ್ಟು ಕಾಲ ಬೇಕೋ.

ರೈಲು ಬಂದ 1884ರಲ್ಲೇ ಸರ್ಕಾರ ವಿಜಾಪುರ ಜಿಲ್ಲೆಯ ಗ್ಯಾಜೆಟಿಯರ್ ಅಚ್ಚು ಹಾಕಿಸಿತು. ನಮ್ಮ ವಿದ್ಯಾರ್ಥಿ ಗೆಳೆಯರು ಆ ದಪ್ಪ ಪುಸ್ತಕವನ್ನು ಓದಬೇಕು. ಹೊಲೆಯರು, ಮಾದಿಗರು, ವಡ್ಡರು, ಲಂಬಾಣಿಗಳು, ಪ್ರತಿ ಜಾತಿಯೂ ಏನು ತಿನ್ನುತ್ತದೆ, ಏನು ಉಡುತ್ತದೆ, ಹೆಣವನ್ನು ಹೂಳುತ್ತದೋ ಸುಡುತ್ತದೋ, ಎಲ್ಲ ಬರೆದಿದ್ದಾರೆ. ನಾವು ತಿಂದದ್ದು ಅವರಿಗೆ ಚರಿತ್ರೆಯಾಗಿ ಕಂಡಿತು, ಹೊತ್ತದ್ದು ಕಾಣಲಿಲ್ಲ. ಮಣ್ಣು ಕಲ್ಲಿನ ಕೆಲಸ ಅಂದರೆ ವಡ್ಡರೇ ಅನ್ನುವ ಈ ಸೀಮೆಯೊಳಗ, ಸೇತುವೆಯ ಕಲ್ಲನ್ನು ಎತ್ತಿ ಕೂಡಿಸಿದವರ ಒಂದು ಹೆಸರೂ ಆ ಕಲ್ಲಿನ ಮೇಲಿಲ್ಲ.

ಹೋಟಗಿಯ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮುಂಬಯಿಯಿಂದ ರಾಯಚೂರಿಗೆ ಹೋಗುವ ಜಿ.ಐ.ಪಿ. ಕಂಪನಿಯ ಹಳಿ ಬ್ರಾಡ್ ಗೇಜ್, ಐದೂವರೆ ಅಡಿ ಅಗಲ. ನಮ್ಮ ಹಳಿ ಒಂದು ಮೀಟರ್, ಅಂದರೆ ಮೂರೂಕಾಲು ಅಡಿಗೆ ತುಸು ಹೆಚ್ಚು. ಅಲ್ಲಿಯ ಡಬ್ಬಿ ಇಲ್ಲಿ ಓಡದು, ಇಲ್ಲಿಯದು ಅಲ್ಲಿ ಓಡದು. ಹಾಗಾಗಿ ಇಂಡಿ ಬಾಗೇವಾಡಿ ಕಡೆಯ ಹತ್ತಿಯ ಅಂಡಿಗೆ, ಕಾಳಿನ ಚೀಲ ಮುಂಬಯಿಗೆ ಹೋಗಬೇಕಾದರೆ ಒಂದು ಡಬ್ಬಿಯಿಂದ ಇಳಿದು ಇನ್ನೊಂದು ಡಬ್ಬಿಗೆ ಏರಬೇಕು. ಎರಡು ಕಂಪನಿಗಳ ಹಳಿಯ ಅಗಲ ಕೂಡಲಿಲ್ಲ. ಆ ಕೂಡದ ಜಾಗವನ್ನು ಹಮಾಲನ ಬೆನ್ನು ಕೂಡಿಸಿತು. ಚೀಲದ ಮೇಲೆ ಕಂಪನಿಯ ಮೊಹರು ಬೀಳುತ್ತಿತ್ತು, ಬೆನ್ನಿನ ಮೇಲೆ ಬಿದ್ದದ್ದಕ್ಕೆ ದಾಖಲೆ ಇಲ್ಲ.

ರೈಲು ಜಾತಿ ಸಡಿಲ ಮಾಡಿತು ಅನ್ನುವ ಮಾತಿಗೆ ಈಗ ಬರೋಣ. ಟಿಕೀಟಿನ ಮೇಲೆ ಜಾತಿ ಬರೆದಿರಲಿಲ್ಲ, ಅದು ನಿಜ. ಕಿಟಕಿಗೆ ರೊಕ್ಕ ಕೊಟ್ಟರೆ ಹೊಲೆಯನಿಗೂ ಮೂರನೇ ಕ್ಲಾಸಿನ ಟಿಕೀಟು ಸಿಗುತ್ತಿತ್ತು. ಊರ ಗೌಡನ ಮುಂದೆ ಕೂತುಕೊಳ್ಳುವ ಹಕ್ಕಿಲ್ಲದ ಮನುಷ್ಯ ರೈಲಿನ ಹಲಗೆಯ ಮೇಲೆ ಕೂತು ಸೊಲ್ಲಾಪುರ ಕಂಡ, ಮುಂಬಯಿ ಕಂಡ. ಇದನ್ನು ನಾವು ಸಣ್ಣದು ಅನ್ನುವುದಿಲ್ಲ. ಆದರೆ ಸ್ಟೇಷನ್ನಿನ ಒಳಗೆ ಕುಡಿಯುವ ನೀರು ಹಿಂದೂ ನೀರು, ಮುಸಲ್ಮಾನ ನೀರು ಅಂತ ಬೇರೆ ಬೇರೆ ಇತ್ತು. ಎರಡರಲ್ಲೂ ನಮ್ಮ ನೀರು ಯಾವುದು? ಹಿಂದೂ ನೀರು ಹಾಕುವವನು ಮೇಲಿನ ಜಾತಿಯವನು. ಅವನು ಎತ್ತರದಿಂದ ಸುರಿದರೆ ಬೊಗಸೆ ಒಡ್ಡಿ ಕುಡಿಯಬೇಕು, ಸುರಿಯದಿದ್ದರೆ ಇಲ್ಲ. ಸಾರ್ವಜನಿಕ ಹಣದಲ್ಲಿ ಕಟ್ಟಿದ ಬಾವಿ, ಕೆರೆ, ಧರ್ಮಶಾಲೆ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ಬೋಲೆಯವರು ಮುಂಬಯಿ ಶಾಸನ ಸಭೆಯಲ್ಲಿ ನಿರ್ಣಯ ಮಾಡಿಸಿದ್ದೇ 1923ರಲ್ಲಿ. ನಮ್ಮ ಹಳಿ ಬಿದ್ದು ಆಗಲೇ 39 ವರ್ಷ ಆಗಿತ್ತು. ಆ ನಿರ್ಣಯವೂ ಕಾಗದದ ಮೇಲೆ ಉಳಿಯಿತು. ಅದಕ್ಕೇ 1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆಗೆ ಇಳಿಯಬೇಕಾಯಿತು.

ಕೆಲಸದ ಮಾತು ಇನ್ನೂ ಕಠಿಣ. 1938ರ ಫೆಬ್ರವರಿಯಲ್ಲಿ ಮನಮಾಡದಲ್ಲಿ ಜಿ.ಐ.ಪಿ. ರೈಲ್ವೆಯ ದಲಿತ ಕೆಲಸಗಾರರ ಸಮ್ಮೇಳನ ಸೇರಿತ್ತು. ಮಾತಾಡಿದವರು ಡಾ. ಅಂಬೇಡ್ಕರ್. ಕೆಲಸಗಾರರಿಗೆ ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಎರಡೂ ಶತ್ರು ಅಂತ ಅವರು ಹೇಳಿದ್ದು ಅಲ್ಲಿಯೇ. ಆ ಭಾಷಣದ ಇನ್ನೊಂದು ಮಾತನ್ನು ನಮ್ಮವರು ಅಷ್ಟಾಗಿ ನೆನೆಯುವುದಿಲ್ಲ. ರೈಲ್ವೆಯಲ್ಲಿ ಅಸ್ಪೃಶ್ಯ ಕೆಲಸಗಾರ ಗ್ಯಾಂಗಮ್ಯಾನ್ ಆಗಿ ಸೇರಿ ಗ್ಯಾಂಗಮ್ಯಾನ್ ಆಗಿಯೇ ಮುದುಕನಾಗುತ್ತಾನೆ, ಅವನಿಗೆ ಪೋರ್ಟರ್ ಕೆಲಸವೂ ಸಿಗುವುದಿಲ್ಲ ಅಂತ ಅವರು ತೋರಿಸಿದರು. ಯಾಕೆ? ಸ್ಟೇಷನ್ ಮಾಸ್ತರ ಪೋರ್ಟರನನ್ನು ತನ್ನ ಮನೆಗೆಲಸಕ್ಕೂ ಹಚ್ಚುತ್ತಾನೆ. ಮಾಸ್ತರ ಸವರ್ಣೀಯ. ಅವನ ಮನೆಯೊಳಗ ಅಸ್ಪೃಶ್ಯ ಕಾಲಿಡುವಂತಿಲ್ಲ. ಹಾಗಾಗಿ ರೈಲ್ವೆಯ ನೌಕರಿ ಅವನಿಗಿಲ್ಲ.

ಇಷ್ಟು ಸಣ್ಣ ಸಂಗತಿ, ಆದರೆ ಇಡೀ ವ್ಯವಸ್ಥೆ ಇದರೊಳಗ ಕಾಣುತ್ತದೆ. ಲಂಡನ್ನಿನ ಕಂಪನಿಯ ನಿಯಮಪುಸ್ತಕದಲ್ಲಿ ಮಡಿ ಮೈಲಿಗೆ ಇರಲಿಲ್ಲ. ಮಾಸ್ತರರ ಅಡುಗೆಮನೆಯಲ್ಲಿ ಇತ್ತು. ಅಡುಗೆಮನೆಯ ಕಾನೂನು ಪ್ಲಾಟಫಾರ್ಮಿನ ಮೇಲೆ ನಡೆಯಿತು. ಪ್ಲಾಟಫಾರ್ಮಿನ ನೆರಳು ಒಬ್ಬರಿಗೆ, ಹಳಿಯ ಬಿಸಿಲು ಒಬ್ಬರಿಗೆ ಅಂತ ಪಾಲಾಯಿತು.

ಗ್ಯಾಂಗಿನ ಕೆಲಸ ಅಂದರೆ ಏನು ಅಂತ ಮೇಷ್ಟ್ರುಗಳು ಮಕ್ಕಳಿಗೆ ಹೇಳಬೇಕು. ಬೆಳಗಾದರೆ ಕೀಮ್ಯಾನ್ ಸುತ್ತಿಗೆ ಹೆಗಲ ಮೇಲಿಟ್ಟು ತನ್ನ ಪಾಲಿನ ಹಳಿಯನ್ನು ನಡೆದು ನೋಡಬೇಕು. ಸಡಿಲಾದ ಕೀಲಿಯನ್ನು ಬಡಿಯಬೇಕು. ಉಳಿದವರು ಸ್ಲೀಪರಿನ ಕೆಳಗೆ ಜಲ್ಲಿ ತುಂಬಿ ಗಟ್ಟಿ ಮಾಡಬೇಕು. ನಮ್ಮ ಸೀಮೆಯ ಬ್ಯಾಸಗಿ ಅಂದರೆ 40 ಡಿಗ್ರಿ ದಾಟುವ ಬಿಸಿಲು. ಉಕ್ಕು ಹಿಗ್ಗಿ ಹಳಿ ಸೊಟ್ಟಾಗುವ ಹೊತ್ತು ಅದೇ, ಹಳಿಯ ಮೇಲೆ ಕಣ್ಣಿಟ್ಟು ನಿಲ್ಲಬೇಕಾದ ಹೊತ್ತೂ ಅದೇ. ಮಳೆಗಾಲದಲ್ಲಿ ಎರಿ ಮಣ್ಣು ಉಬ್ಬಿ ಕುಸಿಯುತ್ತದೆ, ರಾತ್ರಿ ಕಂದೀಲು ಹಿಡಿದು ನಡೆಯಬೇಕು. ಹೆಸರು ಮಾತ್ರ ಬದಲಾಗುತ್ತ ಬಂತು: ಗ್ಯಾಂಗಮ್ಯಾನ್ ಹೋಗಿ ಟ್ರ್ಯಾಕಮ್ಯಾನ್, ಅದೂ ಹೋಗಿ ಟ್ರ್ಯಾಕ್ ಮೇಂಟೇನರ್. ಕಂಪನಿಯ ಹೆಸರೂ ಬದಲಾಯಿತು. 1908ರಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ, 1951ರಲ್ಲಿ ಸದರ್ನ್ ರೈಲ್ವೆ, 2003ರಿಂದ ನೈರುತ್ಯ ರೈಲ್ವೆ. ಸುತ್ತಿಗೆಯ ತೂಕ ಅಷ್ಟೇ ಇದೆ.

ಇನ್ನು 'ರೋಡ' ಅನ್ನುವ ಆ ಹಾದಿ. ರೈಲಿನಿಂದ ಇಳಿದವನು ಊರಿಗೆ ಹೋಗುವುದು ಹೇಗೆ?

1901ರಲ್ಲಿ ಒಂಬತ್ತು ಹತ್ತು ವರ್ಷದ ಭೀಮರಾವ್ ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಅಪ್ಪನನ್ನು ನೋಡಲು ಹೊರಟ ಕಥೆಯನ್ನು ಬಾಬಾಸಾಹೇಬರೇ ಬರೆದಿಟ್ಟಿದ್ದಾರೆ. ಸಾತಾರಾ ಜಿಲ್ಲೆಯ ಮಸೂರ ಸ್ಟೇಷನ್, ನಮ್ಮ ಹಳಿಯನ್ನು ಹಾಕಿದ ಅದೇ ಸದರ್ನ್ ಮರಾಠಾ ಕಂಪನಿಯದು. ಒಳ್ಳೆಯ ಬಟ್ಟೆ ಉಟ್ಟ ಮಕ್ಕಳನ್ನು ನೋಡಿ ಮಾಸ್ತರ ಅಕ್ಕರೆಯಿಂದ ಮಾತಾಡಿಸಿದ. ಮಹಾರರು ಅಂತ ಗೊತ್ತಾದ ಕೂಡಲೇ ಮುಖ ತಿರುಗಿತು. ಬಂಡಿಯವರು ಯಾರೂ ಹತ್ತಿಸಿಕೊಳ್ಳಲಿಲ್ಲ. ಕಡೆಗೆ ಎರಡು ಪಟ್ಟು ಬಾಡಿಗೆ, ಬಂಡಿ ಮಕ್ಕಳೇ ಹೊಡೆಯಬೇಕು, ಬಂಡಿಯವ ಪಕ್ಕಕ್ಕೆ ನಡೆಯುತ್ತಾನೆ ಅನ್ನುವ ಕರಾರು. ರಾತ್ರಿಯ ಹಾದಿಯಲ್ಲಿ ಬುತ್ತಿ ಇತ್ತು, ಕುಡಿಯಲು ನೀರು ಸಿಗಲಿಲ್ಲ.

ರೈಲಿನೊಳಗೆ ಆ ಮಕ್ಕಳು ಪ್ರಯಾಣಿಕರು. ಸ್ಟೇಷನ್ನಿನ ಕಂಪೌಂಡು ದಾಟಿದ ಕೂಡಲೇ ಮಹಾರರು. ನಮ್ಮ ಇಂಡಿ ರೋಡ, ಬಾಗೇವಾಡಿ ರೋಡುಗಳ ಚರಿತ್ರೆ ತಿಳಿಯಲು ಇದಕ್ಕಿಂತ ಬೇರೆ ಕೀಲಿಕೈ ಬೇಡ. ಹಳಿ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಹಳೆಯ ಊರಿನ ಕಾನೂನು ಶುರುವಾಗುತ್ತದೆ. ರೋಡ ಸ್ಟೇಷನ್ನಿನೊಳಗ ಆ ಕಾನೂನಿಗೆ ಹರದಾರಿಗಟ್ಟಲೆ ಜಾಗ ಸಿಕ್ಕಿತು.

ಆ ಹಾದಿಯಲ್ಲಿ ಇನ್ನೊಂದು ಹೊರೆಯೂ ನಡೆಯುತ್ತಿತ್ತು. ಮುಂಬಯಿ ಇಲಾಖೆಯಲ್ಲಿ ಹೊಲೆಯರದು, ಮಹಾರರದು ವತನದ ಚಾಕರಿ. ತುಂಡು ಹೊಲ, ಊರವರು ಕೊಟ್ಟ ಕಾಳು, ಅದಕ್ಕೆ ಪ್ರತಿಯಾಗಿ ಹಗಲು ರಾತ್ರಿ ಸರ್ಕಾರದ ಮತ್ತು ಊರಿನ ಬಿಟ್ಟಿ ಕೆಲಸ. ಕಾಗದ ಮುಟ್ಟಿಸುವುದು, ಕಂದಾಯದ ಜೊತೆ ಕಾವಲು ನಡೆಯುವುದು, ಬಂದ ಅಧಿಕಾರಿಯ ಸಾಮಾನು ಹೊರುವುದು. ರೈಲು ಬಂದ ಮೇಲೆ ಸಾಹೇಬರು ಬೇಗ ಬೇಗ ಬರತೊಡಗಿದರು. ಹೊರುವ ತಲೆ ಅದೇ ಇತ್ತು. ಈ ವತನದ ಗುಲಾಮಗಿರಿಯನ್ನು ಕಳಚಲು ಅಂಬೇಡ್ಕರ್ 1928ರಲ್ಲಿ ಮುಂಬಯಿ ಶಾಸನ ಸಭೆಗೆ ಮಸೂದೆ ತಂದರು, ಅದು ದಡ ಮುಟ್ಟಲಿಲ್ಲ. 1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1961ರಲ್ಲಿ ಬಂತು. ಕಾಯಿದೆ ಬಂದ ಮೇಲೂ ಆ ತುಂಡು ಹೊಲಗಳು ಎಷ್ಟು ಮಂದಿಯ ಕೈಯಲ್ಲಿ ಉಳಿದವು, ಎಷ್ಟು ಸಾಹುಕಾರರ ಬದುವಿನೊಳಗ ಸೇರಿದವು ಅಂತ ಪ್ರತಿ ಊರಿನ ಕೇರಿಯೂ ತನ್ನ ಪಹಣಿ ತೆಗೆದು ನೋಡಬೇಕು.

ಇನ್ನು ಬಸವಣ್ಣನವರ ಹೆಸರು. ಬಾಗೇವಾಡಿ ಅವರು ಹುಟ್ಟಿದ ಊರು. ಹನ್ನೆರಡನೇ ಶತಮಾನದಲ್ಲಿ ಜಾತಿಯ ಗೋಡೆಗೆ ಕೈಹಚ್ಚಿದವರ ಹೆಸರಿನ ಸ್ಟೇಷನ್ನಿನಲ್ಲಿ ಇಳಿದ ಹರಳಯ್ಯನ ಮೊಮ್ಮಕ್ಕಳು ಯಾವ ಅಂಗಡಿಯಲ್ಲಿ ಯಾವ ಬಸಿಯಲ್ಲಿ ಚಹಾ ಕುಡಿದರು? ಈ ಪ್ರಶ್ನೆಗೆ ಉತ್ತರ ಗ್ಯಾಜೆಟಿಯರಿನಲ್ಲಿಲ್ಲ. ಕೇರಿಯ ಹಿರಿಯರ ಬಾಯಲ್ಲಿದೆ.

ಬರ ತಡೆಯಲು ಬಂದ ರೈಲು ಬರ ತಡೆಯಿತೇ? ಹಳಿ ಬಿದ್ದು ಹನ್ನೆರಡು ವರ್ಷಕ್ಕೆ, 1896–97ರಲ್ಲಿ, ಮತ್ತೆ ಬರ. 1899–1900ರಲ್ಲಿ ಇನ್ನೊಂದು. ಧಾನ್ಯ ಹರಿಯುತ್ತದೆ ಅಂತ ಆಯೋಗ ಹೇಳಿದ್ದು ನಿಜವೇ. ಆದರೆ ಧಾನ್ಯ ಹಸಿವು ಇದ್ದ ಕಡೆ ಹರಿಯುವುದಿಲ್ಲ, ರೊಕ್ಕ ಇದ್ದ ಕಡೆ ಹರಿಯುತ್ತದೆ. ಬೆಲೆ ಏರಿದ ಪೇಟೆಗೆ ನಮ್ಮ ಜೋಳವನ್ನೂ ಅದೇ ಗಾಡಿ ಹೊತ್ತುಕೊಂಡು ಹೋಗಬಲ್ಲದು. ಕೊಳ್ಳುವ ಕೈ ಖಾಲಿ ಇದ್ದರೆ ಗೋದಾಮಿನ ಪಕ್ಕದಲ್ಲೇ ಮನುಷ್ಯ ಹಸಿದಿರುತ್ತಾನೆ. 1972ರ ಬರದಲ್ಲೂ ನಮ್ಮವರು ಇದನ್ನೇ ಕಂಡರು. ಆ ಸಲ ಗಾಡಿ ಇಲ್ಲಿಂದ ಹೊತ್ತು ಒಯ್ದದ್ದು ಮನುಷ್ಯರನ್ನು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಕೂಲಿಕಾರರಿಗೆ ದುಡಿಯಾಕ ಹೋಗುವುದು ಅಂದರೆ ಒಂದು ಕಡೆ ಸೊಲ್ಲಾಪುರ, ಪುಣೆ, ಮುಂಬಯಿ; ಇನ್ನೊಂದು ಕಡೆ ಗದಗ, ಹುಬ್ಬಳ್ಳಿ, ಲೋಂಡಾ ದಾಟಿ ಗೋವಾ. ಹಳಿ ಎರಡೂ ದಿಕ್ಕಿಗೆ ಇತ್ತು. ಊರಲ್ಲಿ ಉಳಿಯುವ ದಿಕ್ಕೊಂದು ಇರಲಿಲ್ಲ.

1974ರ ಮೇ 8ರಿಂದ 27ರವರೆಗೆ ದೇಶದ ರೈಲ್ವೆ ಕೆಲಸಗಾರರು ಗಾಡಿ ನಿಲ್ಲಿಸಿದ್ದನ್ನು ನಾವು ಮರೆಯಬಾರದು. ಹಳಿಯ ಮೇಲೆ ಬಿಸಿಲು ತಿನ್ನುವವನ ಬಲ ಏನು ಅಂತ ದಿಲ್ಲಿಗೆ ಗೊತ್ತಾದ ದಿನಗಳು ಅವು. ಆದರೆ ಬಾಬಾಸಾಹೇಬರು ಮನಮಾಡದಲ್ಲಿ ಕೇಳಿದ ಪ್ರಶ್ನೆ ಯೂನಿಯನ್ನುಗಳ ಮುಂದೆ ಇನ್ನೂ ನಿಂತಿದೆ: ಕೂಲಿಯ ಹೋರಾಟಕ್ಕೆ ಹೆಗಲು ಕೊಟ್ಟ ಸವರ್ಣೀಯ ಸಂಗಾತಿ ನೀರಿನ ಗಡಿಗೆಯ ಹತ್ತಿರ ಬಂದಾಗ ಯಾವ ಕಡೆ ನಿಲ್ಲುತ್ತಾನೆ?

ಮುಂದಿನದು ಬೇಗ ಹೇಳಬಹುದು. ಉಗಿಬಂಡಿ ಹೋಯಿತು, ಅದರ ನೀರು ಕಲ್ಲಿದ್ದಲು ನೋಡಿಕೊಳ್ಳುತ್ತಿದ್ದ ಕೆಲಸಗಳು ಹೋದವು. ಸರಕು ಲಾರಿ ಏರಿತು. ಇಂಡಿಯ ನಿಂಬೆಹಣ್ಣು ಈಗ ಸ್ಟೇಷನ್ನಿನ ಮುಖ ನೋಡದೆ ದೂರದ ಪೇಟೆ ಸೇರುತ್ತದೆ. ಮಾಲಿನ ಗೋದಾಮು ಇದ್ದ ರೋಡ ಸ್ಟೇಷನ್ನುಗಳ ಬಜಾರು ಸಣ್ಣದಾಯಿತು. ಈ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ಮೀಟರ್ ಗೇಜ್ ಪೂರ್ತಿ ಹೋಗಿ ಬ್ರಾಡ್ ಗೇಜ್ ಬಂತು, ಹೋಟಗಿಯ ಬೆನ್ನುಗಳಿಗೆ ಕಡೆಗೂ ಬಿಡುವು ಸಿಕ್ಕಿತು. ಬಿಡುವಿನ ಜೊತೆ ಕೂಲಿಯೂ ಹೋಯಿತು. 1964ರಲ್ಲಿ ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟು 2005ರಲ್ಲಿ ಮುಗಿಯುವ ಹೊತ್ತಿಗೆ ಕೃಷ್ಣೆಯ ದಂಡೆಯ ಊರುಗಳು ನೀರಿನೊಳಗ ಹೋಗಿದ್ದವು. ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ ತಲಾ 800 ಮೆಗಾವಾಟಿನ ಮೂರು ಘಟಕದ ವಿದ್ಯುತ್ ಸ್ಥಾವರ ಎದ್ದಿತು. ಬೇಡ ಅಂತ ನಿಂತ ರೈತರ ಮೇಲೆ 2014ರ ಜುಲೈಯಲ್ಲಿ ಪೊಲೀಸರ ಗುಂಡು ಹಾರಿತು. ಹತ್ತಿ ಕಾಳು ಹೊತ್ತ ಹಳಿಯ ಮೇಲೆ ಈಗ ಆ ಸ್ಥಾವರದ ಕಲ್ಲಿದ್ದಲು ಓಡುತ್ತದೆ. ಆ ಗಾಡಿ ಹಳೆಯ ಬಜಾರಿನ ಮುಂದೆ ನಿಲ್ಲುವುದಿಲ್ಲ, ಅದರಿಂದ ಇಳಿದು ಚಹಾ ಕುಡಿಯುವವರೂ ಇಲ್ಲ.

ಗೆಳೆಯರೇ, ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುವುದು ಉಳ್ಳವರ ಗಾದೆ. ನಮಗೆ ಅಂಬಿಗನೇ ಚರಿತ್ರೆ. ಹಳ್ಳಿಯ ಶಾಲೆಯ ಮೇಷ್ಟ್ರುಗಳೇ, ವಿದ್ಯಾರ್ಥಿಗಳೇ, ನಿಮ್ಮ ಊರಿನ ಕೇರಿಯಲ್ಲಿ, ತಾಂಡಾದಲ್ಲಿ, ವಡ್ಡರ ಓಣಿಯಲ್ಲಿ ಗ್ಯಾಂಗಿನ ಕೆಲಸದಿಂದ ನಿವೃತ್ತರಾದ ಮುದುಕರಿದ್ದಾರೆ. ಸ್ಟೇಷನ್ನಿನ ಹಮಾಲರಿದ್ದಾರೆ. ಅಪ್ಪನಿಗೆ ಬುತ್ತಿ ಒಯ್ದು ಕೊಟ್ಟ ಹೆಣ್ಣುಮಕ್ಕಳು ಈಗ ಅಜ್ಜಿಯರಾಗಿದ್ದಾರೆ. ಮೂರು ಪ್ರಶ್ನೆ ಕೇಳಿರಿ. ನೀರು ಎಲ್ಲಿ ಕುಡಿದಿರಿ? ಸ್ಟೇಷನ್ನಿನಿಂದ ಊರಿಗೆ ಹೆಂಗ ಹೋದಿರಿ? ನಿಮ್ಮ ಜೊತೆ ಗ್ಯಾಂಗಿನಲ್ಲಿ ಯಾರು ಯಾರು ಇದ್ದರು? ಅವರು ಹೇಳಿದ ಹೆಸರುಗಳನ್ನು ಹೇಳಿದ ಹಾಗೇ ನೋಟಬುಕ್ಕಿನೊಳಗ ಬರೆದುಕೊಳ್ಳಿರಿ, ತಿದ್ದಬೇಡಿರಿ. ಅವರು ಒಬ್ಬೊಬ್ಬರೇ ಹೋಗುತ್ತಿದ್ದಾರೆ, ತಡ ಮಾಡಿದರೆ ಕೇಳಲು ಯಾರೂ ಉಳಿಯುವುದಿಲ್ಲ.